ಬೆಂಗಳೂರಿನ ಮ್ಯೂಸಿಯಂಗಳನ್ನು ಸುಸ್ತಾಗದೆ, ಚೆನ್ನಾಗಿ ನೋಡುವುದು ಹೇಗೆ?

ಒಂದೇ ದಿನದಲ್ಲಿ ಎಚ್‌ಎಎಲ್ ವಿಮಾನ ಮ್ಯೂಸಿಯಂ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ, ಜೆ.ಪಿ. ನಗರದ ಸಂಗೀತ ಮ್ಯೂಸಿಯಂ ಮೂರನ್ನೂ ಮುಗಿಸಿಬಿಡೋಣ ಎಂದು ಹೊರಡುವ ಕುಟುಂಬಗಳಿವೆ. ಊರಿಂದ ನೆಂಟರು ಬಂದಿರುತ್ತಾರೆ, ಮಕ್ಕಳಿಗೆ ರಜೆ, ಮನೆಯಲ್ಲಿ ಕಾರಿದೆ. ಪೂರ್ವದ ತುದಿಯಿಂದ ಊರಿನ ನಡುವಿಗೆ, ಅಲ್ಲಿಂದ ದಕ್ಷಿಣದ ತುದಿಗೆ ಓಡಾಟ. ಸಂಜೆ ವಾಪಸು ಬರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತಾರೆ. ದೊಡ್ಡವರಿಗೆ ಟ್ರಾಫಿಕ್ ಸಿಗ್ನಲ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಇದಕ್ಕೆ ನಾನು ಹೇಳುವ ಉಪಾಯ ಇಷ್ಟೇ. ಮೊದಲು ದಿಕ್ಕು ಆರಿಸಿ, ಆಮೇಲೆ ವಾರ ನೋಡಿ, ಮ್ಯೂಸಿಯಂನ ಹೆಸರು ಕೊನೆಗೆ ಬರಲಿ. ದಿನಕ್ಕೆ ಒಂದು ದೊಡ್ಡ ಮ್ಯೂಸಿಯಂ, ಮನಸ್ಸಿದ್ದರೆ ಪಕ್ಕದಲ್ಲೇ ಇರುವ ಒಂದು ಸಣ್ಣದು, ಅಷ್ಟು ಸಾಕು. ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡುವ ಹಠ ಬಿಟ್ಟು ಒಂದೆರಡು ವಸ್ತುಗಳ ಮುಂದೆ ಚೆನ್ನಾಗಿ ನಿಲ್ಲಿ. ಇದನ್ನೇ ಹಂತ ಹಂತವಾಗಿ ಬಿಡಿಸಿ ಹೇಳುತ್ತೇನೆ.

ಹಂತ 1: ದಿಕ್ಕು ಆರಿಸಿ

ಬೆಂಗಳೂರಿನ ಮ್ಯೂಸಿಯಂಗಳನ್ನು ಪಟ್ಟಿ ಮಾಡುವಾಗ ಅಕಾರಾದಿಯಾಗಿ ಬರೆದರೆ ಪ್ರಯೋಜನವಿಲ್ಲ. ರಸ್ತೆಯ ಲೆಕ್ಕದಲ್ಲಿ ಬರೆದುಕೊಳ್ಳಿ.

ನಡುವೆ ಇರುವುದು ಕಸ್ತೂರಬಾ ರಸ್ತೆ. ಕಬ್ಬನ್ ಪಾರ್ಕಿನ ಅಂಚಿನ ಈ ಒಂದೇ ರಸ್ತೆಯಲ್ಲಿ ನಾಲ್ಕು ಜಾಗಗಳಿವೆ. ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ಮೊದಲು ಅದು ದಂಡು ಪ್ರದೇಶದಲ್ಲಿತ್ತು. ಅಲ್ಲಿನ ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದದ್ದು ಇದರಿಂದಲೇ. ಆಮೇಲೆ ಕಬ್ಬನ್ ಪಾರ್ಕ್ ಪಕ್ಕದ ಈ ಕಟ್ಟಡಕ್ಕೆ ಬಂತು. ಅದಕ್ಕೆ ಅಂಟಿಕೊಂಡಂತೆ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಇನ್ನೊಂದು ಪಕ್ಕದಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ. ಎಲ್ಲರೂ ಅದನ್ನು ಮ್ಯಾಪ್ ಅನ್ನುತ್ತಾರೆ. ಹೊರಗೋಡೆಗೆಲ್ಲ ಉಕ್ಕಿನ ಹಲಗೆ ಹೊದಿಸಿದ, ಹಳೆಯ ನೀರಿನ ಟ್ಯಾಂಕಿನ ಹಾಗೆ ಕಾಣುವ ಕಟ್ಟಡ ಕಂಡರೆ ಅದೇ.

ಅರಮನೆ ರಸ್ತೆ ಮತ್ತು ಕುಮಾರಕೃಪಾ ರಸ್ತೆ ಎರಡನೇ ಗುಂಪು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಇದು ಇಲ್ಲಿ ತೆರೆದದ್ದು 2009ರಲ್ಲಿ. ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರಕ್ಕೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು, ಅದೇ ರಸ್ತೆಯಲ್ಲಿ ಗಾಂಧಿ ಭವನ. ಜವಾಹರಲಾಲ್ ನೆಹರೂ ತಾರಾಲಯವೂ ಇದೇ ಕಡೆಗೆ ಬರುತ್ತದೆ.

ಪೇಟೆ ಕಡೆಗೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿ, 1791ರಲ್ಲಿ ಟಿಪ್ಪು ಮುಗಿಸಿದ ತೇಗದ ಕಂಬಗಳ ಎರಡಂತಸ್ತಿನ ಕಟ್ಟಡ. ಹತ್ತಿರದಲ್ಲೇ ಹಳೆಯ ಕೋಟೆಯ ಉಳಿದ ಭಾಗವಿದೆ.

ಉಳಿದವು ಒಂದೊಂದು ಮೂಲೆಯಲ್ಲಿವೆ. ಪೂರ್ವಕ್ಕೆ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ, ಮಾರತ್ತಹಳ್ಳಿ ಕಡೆಗೆ ಎಚ್‌ಎಎಲ್ ಪರಂಪರೆ ಕೇಂದ್ರ. ದಕ್ಷಿಣಕ್ಕೆ ಜೆ.ಪಿ. ನಗರ 7ನೇ ಹಂತದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ಮ್ಯೂಸಿಯಂ. ಉತ್ತರಕ್ಕೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆ ಕೇಂದ್ರ, ಬಳ್ಳಾರಿ ರಸ್ತೆಯಲ್ಲಿ ಸೈನ್ಸ್ ಗ್ಯಾಲರಿ. ಇವುಗಳಲ್ಲಿ ಯಾವುದನ್ನಾದರೂ ಆರಿಸಿದಿರಾ? ಆವತ್ತಿಗೆ ಅದೊಂದೇ ಇರಲಿ. ಜಾಲಹಳ್ಳಿಯಿಂದ ಜೆ.ಪಿ. ನಗರಕ್ಕೆ ಹೋಗಿ ಇನ್ನೊಂದು ನೋಡುವ ಯೋಚನೆ ಬೇಡ. ನಿಮ್ಮ ಮನೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿನದನ್ನು ಮೊದಲು ನೋಡಿ. ಎಷ್ಟೋ ಜನ ಜಾಲಹಳ್ಳಿ, ಯಶವಂತಪುರದಲ್ಲಿ ವರ್ಷಗಟ್ಟಲೆ ಇದ್ದೂ ಎಚ್‌ಎಂಟಿ ಮ್ಯೂಸಿಯಂ ನೋಡಿರುವುದಿಲ್ಲ, ಅಲ್ವಾ?

ಹಂತ 2: ವಾರ ನೋಡಿ

ಸೋಮವಾರ ಹೊರಟರೆ ಬಾಗಿಲು ಮುಚ್ಚಿರುವ ಸಾಧ್ಯತೆಯೇ ಜಾಸ್ತಿ. ಸರ್ಕಾರಿ ಮ್ಯೂಸಿಯಂ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಮ್ಯಾಪ್, ಜೆ.ಪಿ. ನಗರದ ಸಂಗೀತ ಮ್ಯೂಸಿಯಂ, ತಾರಾಲಯ ಇವಕ್ಕೆಲ್ಲ ಸೋಮವಾರ ವಾರದ ರಜೆ. ಆದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ಸೋಮವಾರವೂ ತೆರೆದಿರುತ್ತದೆ. ಅದಕ್ಕೆ ವರ್ಷದಲ್ಲಿ ರಜೆ ಇರುವುದೇ ಕಡಿಮೆ, ಗಣೇಶ ಚತುರ್ಥಿ ಮತ್ತು ದೀಪಾವಳಿಗೆ ಮುಚ್ಚುವುದು ರೂಢಿ. ಹಾಗಾಗಿ ಸೋಮವಾರ ಒಂದೇ ಬಿಡುವು ಎನ್ನುವವರು ಧೈರ್ಯವಾಗಿ ಅಲ್ಲಿಗೆ ಹೋಗಬಹುದು. ಟಿಪ್ಪು ಅರಮನೆ ಭಾರತೀಯ ಪುರಾತತ್ವ ಇಲಾಖೆಯದು, ಅದೂ ಸೋಮವಾರ ನೋಡಲು ಸಿಗುತ್ತದೆ.

ಎರಡನೇ ಶನಿವಾರ, ಸರ್ಕಾರಿ ರಜೆಗಳ ಬಗ್ಗೆಯೂ ಎಚ್ಚರ ಇರಲಿ. ನಮಗೆ ರಜೆ ಇರುವ ದಿನವೇ ಸರ್ಕಾರದ ಕೆಲವು ಜಾಗಗಳಿಗೂ ರಜೆ ಇರುತ್ತದೆ. ಹಬ್ಬದ ಮರುದಿನ ಹೋಗುವುದು ಒಳ್ಳೆಯದು.

ಇನ್ನು ಊರಿನ ಕ್ಯಾಲೆಂಡರ್ ಬೇರೆಯೇ ಇದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ ಮಧ್ಯಾಹ್ನದಿಂದಲೇ ಕಸ್ತೂರಬಾ ರಸ್ತೆ, ಎಂ.ಜಿ. ರಸ್ತೆ ತುಂಬಿ ಹೋಗುತ್ತವೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ರಸ್ತೆಯಲ್ಲೇ ನಡೆಸುವ ಕಲಾಮೇಳ ಚಿತ್ರಸಂತೆಯ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಚಿತ್ರಸಂತೆಗೆ ಖಂಡಿತ ಹೋಗಿ, ಅದು ಬೆಂಗಳೂರಿನ ದೊಡ್ಡ ಹಬ್ಬಗಳಲ್ಲಿ ಒಂದು. ಆದರೆ ಪರಿಷತ್ತಿನ ಒಳಗಿನ ಗ್ಯಾಲರಿಗಳನ್ನು ನೆಮ್ಮದಿಯಾಗಿ ನೋಡಲು ಬೇರೆ ದಿನ ಇಟ್ಟುಕೊಳ್ಳಿ. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ಆಗ ದಕ್ಷಿಣದ ರಸ್ತೆಗಳು ನಿಧಾನ.

ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸಗಳು ಜೋರು. ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಬೇರೆ ಬೇರೆ ಜಿಲ್ಲೆಗಳ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಆ ತಿಂಗಳುಗಳಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಇಲ್ಲವೇ ಮಧ್ಯಾಹ್ನ ಮೂರರ ಮೇಲೆ ಹೋಗಿ.

ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಈ ದಿನಗಳಲ್ಲಿ ವಿಶೇಷ ಪ್ರದರ್ಶನ, ಉಪನ್ಯಾಸ, ಕೆಲವು ಕಡೆ ಉಚಿತ ಪ್ರವೇಶ ಇರುವುದುಂಟು. ದಿನಾಂಕಗಳನ್ನು ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಹಂತ 3: ಹಿಂದಿನ ದಿನ ಒಂದು ಫೋನ್ ಮಾಡಿ

ಇದನ್ನು ದಯವಿಟ್ಟು ಬಿಡಬೇಡಿ. ಹಳೆಯ ಕಟ್ಟಡಗಳಲ್ಲಿ ದುರಸ್ತಿ ನಡೆಯುತ್ತಿರುತ್ತದೆ. ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಗ್ಯಾಲರಿಯಂಥ ಕಡೆ ಕೆಲಸ ಶುರುವಾದರೆ ಗ್ಯಾಲರಿಗಳನ್ನು ತಿಂಗಳುಗಟ್ಟಲೆ ಮುಚ್ಚುತ್ತಾರೆ. ಕಲಾ ಗ್ಯಾಲರಿಗಳಲ್ಲಿ ಒಂದು ಪ್ರದರ್ಶನ ಇಳಿಸಿ ಇನ್ನೊಂದು ಹಾಕುವ ನಡುವಿನ ದಿನಗಳಲ್ಲಿ ಗೋಡೆಗಳು ಖಾಲಿ ಇರುತ್ತವೆ. ಅಂತರ್ಜಾಲದ ನಕ್ಷೆಯಲ್ಲಿ 'ತೆರೆದಿದೆ' ಎಂದು ತೋರಿಸಿದರೂ ಇದೆಲ್ಲ ಅಲ್ಲಿ ಗೊತ್ತಾಗುವುದಿಲ್ಲ.

ಫೋನಿನಲ್ಲಿ 'ನಾಳೆ ಓಪನ್ ಇರುತ್ತಾ?' ಎಂದಷ್ಟೇ ಕೇಳಿ ಇಟ್ಟುಬಿಟ್ಟರೆ ಅರ್ಧ ಕೆಲಸ. ಎಲ್ಲ ಗ್ಯಾಲರಿಗಳೂ ತೆರೆದಿವೆಯಾ? ಟಿಕೆಟ್ ಕೊಡುವುದನ್ನು ಎಷ್ಟು ಗಂಟೆಗೆ ನಿಲ್ಲಿಸುತ್ತೀರಿ? ಲಿಫ್ಟ್ ಕೆಲಸ ಮಾಡುತ್ತಿದೆಯಾ? ಕನ್ನಡದಲ್ಲಿ ವಿವರಿಸುವವರು ಸಿಗುತ್ತಾರಾ? ಈ ನಾಲ್ಕನ್ನೂ ಕೇಳಿ. ಟಿಕೆಟ್ ಕೌಂಟರ್ ಮುಚ್ಚುವ ಹೊತ್ತು ಮುಖ್ಯ, ಏಕೆಂದರೆ ಬಹಳಷ್ಟು ಕಡೆ ಬಾಗಿಲು ಹಾಕುವುದಕ್ಕೆ ಅರ್ಧ ಗಂಟೆ ಮೊದಲೇ ಟಿಕೆಟ್ ಕೊಡುವುದು ನಿಲ್ಲುತ್ತದೆ.

ನಿಮ್ಹಾನ್ಸ್ ಆವರಣದಲ್ಲಿ ಮನುಷ್ಯರ ಮೆದುಳಿನ ಮ್ಯೂಸಿಯಂ ಒಂದಿದೆ. ವೈದ್ಯಕೀಯ, ಜೀವಶಾಸ್ತ್ರ ಓದುವ ಮಕ್ಕಳಿರುವ ಮನೆಯವರು ನೋಡಲೇಬೇಕಾದ ಜಾಗ. ಅದು ಆಸ್ಪತ್ರೆ, ಸಂಶೋಧನೆ ನಡೆಯುವ ಸ್ಥಳ. ಸುಮ್ನೆ ಹೋಗಿ ಬಾಗಿಲು ತಟ್ಟುವಂತಿಲ್ಲ. ಸಾರ್ವಜನಿಕರಿಗೆ ಯಾವ ದಿನ, ಯಾವ ಹೊತ್ತು ಎಂದು ಕೇಳಿಕೊಂಡೇ ಹೋಗಿ.

ಹಂತ 4: ಟಿಕೆಟ್, ಗುರುತಿನ ಚೀಟಿ

ಸರ್ಕಾರದ ಮ್ಯೂಸಿಯಂಗಳಲ್ಲಿ ಪ್ರವೇಶ ದರ ತೀರಾ ಕಡಿಮೆ. ಆದರೂ ಸ್ವಲ್ಪ ಚಿಲ್ಲರೆ ಇಟ್ಟುಕೊಂಡಿರಿ, ಯುಪಿಐ ಒಮ್ಮೊಮ್ಮೆ ಕೈಕೊಡುತ್ತದೆ. ಮ್ಯಾಪ್, ಸಂಗೀತ ಮ್ಯೂಸಿಯಂನಂಥ ಖಾಸಗಿ ಜಾಗಗಳಲ್ಲಿ ದರ ಜಾಸ್ತಿ, ಆನ್‌ಲೈನ್ ಬುಕಿಂಗ್ ಇದೆ. ಸೈನ್ಸ್ ಗ್ಯಾಲರಿಗೆ ಪ್ರವೇಶ ಉಚಿತ.

ವಿದ್ಯಾರ್ಥಿಗಳು ಕಾಲೇಜಿನ ಗುರುತಿನ ಚೀಟಿ ತರಲಿ. ಶಿಕ್ಷಕರು ಮಕ್ಕಳ ಗುಂಪು ಕರೆದುಕೊಂಡು ಬರುವುದಾದರೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮೊದಲೇ ಪತ್ರ ಬರೆಯಿರಿ. ರಿಯಾಯಿತಿಯ ಜೊತೆಗೆ ಒಬ್ಬ ಸಿಬ್ಬಂದಿ ಜೊತೆಗಿದ್ದು ವಿವರಿಸುವ ವ್ಯವಸ್ಥೆಯೂ ಎಷ್ಟೋ ಬಾರಿ ಆಗುತ್ತದೆ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಿಂದ ರಜೆಗೆ ಬರುವ ನಮ್ಮವರಿಗೆ ಒಂದು ಮಾತು. ಸ್ಮಾರಕಗಳಲ್ಲಿ, ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ ವಿದೇಶಿಯರಿಗೆ ಹಲವು ಪಟ್ಟು ಹೆಚ್ಚಿನ ದರ ಇರುತ್ತದೆ. ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇರುವವರಿಗೆ ಪ್ರವೇಶ ದರದಲ್ಲಿ ಭಾರತೀಯರಷ್ಟೇ ಹಕ್ಕಿದೆ. ಮಕ್ಕಳ ಓಸಿಐ ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ, ಕೌಂಟರಿನಲ್ಲಿ ತೋರಿಸಿ.

ಹಂತ 5: ಹೋಗುವ ದಾರಿ

ಕಸ್ತೂರಬಾ ರಸ್ತೆಗೆ ಕಾರು ತರಬೇಡಿ ಎಂದೇ ಹೇಳುತ್ತೇನೆ. ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದು ಗ್ಯಾಲರಿ ನೋಡುವಷ್ಟು ಹೊತ್ತು ಹೋಗುತ್ತದೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ಮರಗಳ ನೆರಳಿನಲ್ಲೇ ನಡೆದು ಹೋಗಬಹುದು. ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದರೂ ಆಗುತ್ತದೆ. ಭಾನುವಾರ ಕಬ್ಬನ್ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ. ಕಾರಿನವರಿಗೆ ಅದು ಸುತ್ತು, ನಡೆಯುವವರಿಗೆ ಹಬ್ಬ.

ಟಿಪ್ಪು ಅರಮನೆಗೆ ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ನಿಲ್ದಾಣ ತೀರಾ ಹತ್ತಿರ. ಜೆ.ಪಿ. ನಗರದ ಸಂಗೀತ ಮ್ಯೂಸಿಯಂಗೂ ಹಸಿರು ಮಾರ್ಗವೇ ಅನುಕೂಲ, ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಎಚ್‌ಎಂಟಿಗೆ ಅದೇ ಮಾರ್ಗದ ಜಾಲಹಳ್ಳಿ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೋ. ಎಚ್‌ಎಎಲ್ ಮ್ಯೂಸಿಯಂಗೆ ಮಾತ್ರ ಮಾರತ್ತಹಳ್ಳಿ ಕಡೆಯ ಬಿಎಂಟಿಸಿ ಬಸ್ ಅಥವಾ ಸ್ವಂತ ವಾಹನ ಸರಿ.

ಹಂತ 6: ಚೀಲದಲ್ಲಿ ಏನಿರಬೇಕು

ಚೀಲ ಹಗುರ ಇರಲಿ. ದೊಡ್ಡ ಚೀಲವನ್ನು ಬಾಗಿಲಲ್ಲೇ ಇಟ್ಟು ಹೋಗಿ ಎನ್ನುವ ಕಡೆಗಳಿವೆ. ನೀರಿನ ಬಾಟಲಿ, ಸಣ್ಣ ನೋಟ್‌ಬುಕ್, ಪೆನ್ಸಿಲ್. ಚಿತ್ರಗಳ ಹತ್ತಿರ ಪೆನ್ನು ಹಿಡಿದು ನಿಲ್ಲುವುದಕ್ಕಿಂತ ಪೆನ್ಸಿಲ್ ವಾಸಿ. ಓದುವ ಕನ್ನಡಕ ಮರೆಯಬೇಡಿ, ಅದರಲ್ಲೂ ಮನೆಯ ಹಿರಿಯರದು. ವಸ್ತುಗಳ ಪಕ್ಕದ ಫಲಕಗಳಲ್ಲಿ ಅಕ್ಷರ ಸಣ್ಣದಿರುತ್ತದೆ, ಬೆಳಕು ಮಂದ ಇರುತ್ತದೆ. ಕನ್ನಡಕ ಇಲ್ಲದೆ ಬಂದ ಅಜ್ಜ ಅರ್ಧ ಗಂಟೆಯಲ್ಲೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತುಬಿಡುತ್ತಾರೆ.

ಫೋಟೋ ತೆಗೆಯಲು ಎಲ್ಲ ಕಡೆ ಒಂದೇ ನಿಯಮವಿಲ್ಲ. ಕೆಲವು ಕಡೆ ಕ್ಯಾಮೆರಾಗೆ ಬೇರೆ ಟಿಕೆಟ್, ಕೆಲವು ಕಡೆ ಮೊಬೈಲ್ ಮಾತ್ರ. ಫ್ಲ್ಯಾಶ್ ಅಂತೂ ಎಲ್ಲೂ ಬೇಡ. ಕಾಗದ, ಬಟ್ಟೆ, ಜಲವರ್ಣಗಳ ಬಣ್ಣ ಬೆಳಕಿಗೆ ಮಾಸುತ್ತದೆ, ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಹಂತ 7: ಒಳಗೆ ಹೋದ ಮೇಲೆ

ಎಲ್ಲ ತಯಾರಿಯೂ ಇದಕ್ಕಾಗಿಯೇ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ಒಂದು ಸುತ್ತು ನಿಲ್ಲದೆ ಹೊಡೆಯಿರಿ. ಫಲಕ ಓದಬೇಡಿ, ಫೋಟೋ ತೆಗೆಯಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ಇಡೀ ಮ್ಯೂಸಿಯಂನಲ್ಲಿ ಏನೆಲ್ಲ ಇದೆ ಎಂದು ಕಣ್ಣಾಡಿಸಿ. ಎಲ್ಲೋ ಒಂದೆರಡು ಕಡೆ ಕಾಲು ತಾನಾಗಿ ನಿಧಾನವಾಗುತ್ತದೆ. ಆ ಜಾಗ ನೆನಪಿಟ್ಟುಕೊಂಡು ಎರಡನೇ ಸುತ್ತಿನಲ್ಲಿ ನೇರ ಅಲ್ಲಿಗೆ ಹೋಗಿ. ಒಂದು ವಸ್ತುವಿಗೆ ಕನಿಷ್ಠ ಹತ್ತು ನಿಮಿಷ ಕೊಡಿ. ಮೊದಲು ವಸ್ತು ನೋಡಿ, ಆಮೇಲೆ ಫಲಕ ಓದಿ, ಮತ್ತೆ ವಸ್ತು ನೋಡಿ. ಫಲಕದಲ್ಲಿ ಓದಿದ್ದನ್ನು ಕಲ್ಲಿನಲ್ಲೋ ಬಣ್ಣದಲ್ಲೋ ಹುಡುಕುವುದು ಈ ಮೂರನೆಯ ನೋಟದ ಕೆಲಸ.

ಸರ್ಕಾರಿ ಮ್ಯೂಸಿಯಂನಲ್ಲಿ ಹೀಗೆ ನಿಂತು ನೋಡಲು ನಾನು ಎಲ್ಲರಿಗೂ ಹೇಳುವುದು ಆತಕೂರಿನ ಕಲ್ಲನ್ನು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949ರ ಸುಮಾರು. ಕಲ್ಲಿನ ಮೇಲೆ ಒಂದು ನಾಯಿ ಮತ್ತು ಒಂದು ಹಂದಿ ಎದುರುಬದುರಾಗಿ ಸೆಣಸುತ್ತಿವೆ. ನಾಯಿಯ ಹೆಸರು ಕಾಳಿ.

ಶಾಸನದ ಕಥೆ ಇದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗರ ಇಮ್ಮಡಿ ಬೂತುಗ ಕೃಷ್ಣನ ಪರವಾಗಿ ಹೋರಾಡಿದ, ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಮಣಲೇರ ಎಂಬ ವೀರ ಮೆರೆದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೇಟೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಮಣಲೇರ ಆತಕೂರಿನ ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಊಟ ಮಾಡಿದರೆ ಪಾಪ ಬರುತ್ತದೆ ಎಂದೂ ಬರೆಸಿದ.

ಇಷ್ಟು ತಿಳಿದುಕೊಂಡು ಮತ್ತೆ ಕಲ್ಲು ನೋಡಿ. ಒಂದು ದೊಡ್ಡ ಯುದ್ಧದ ವಿವರ ಮತ್ತು ಒಂದು ನಾಯಿಯ ಸಾವು ಒಂದೇ ಕಲ್ಲಿನಲ್ಲಿವೆ, ಚಿತ್ರದಲ್ಲಿ ಜಾಗ ಸಿಕ್ಕಿರುವುದು ನಾಯಿಗೆ. ಅಕ್ಷರಗಳ ಮೇಲೆ ಕಣ್ಣಾಡಿಸಿ. ಎಲ್ಲವೂ ಓದಲು ಬರುವುದಿಲ್ಲ, ಆದರೆ ನಡುನಡುವೆ ಇವತ್ತಿನ ಕನ್ನಡದ ಹಾಗೇ ಕಾಣುವ ಅಕ್ಷರಗಳು ಸಿಗುತ್ತವೆ. ನೇರ ಮುಂದೆ ನಿಂತರೆ ಕೆತ್ತನೆ ಕಾಣಿಸುವುದು ಕಡಿಮೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬೆಳಕು ಅಡ್ಡವಾಗಿ ಬಿದ್ದ ಕಡೆ ಅಕ್ಷರದ ಕುಳಿಗಳಲ್ಲಿ ನೆರಳು ನಿಂತು ಗೆರೆಗಳು ಎದ್ದು ಕಾಣುತ್ತವೆ. ಯಾವ ಶಾಸನ, ಯಾವ ವೀರಗಲ್ಲು ನೋಡುವಾಗಲೂ ಈ ವಿಧಾನ ಉಪಯೋಗಕ್ಕೆ ಬರುತ್ತದೆ. ಮುಟ್ಟುವುದು ಮಾತ್ರ ಬೇಡ, ಸಾವಿರ ವರ್ಷ ಉಳಿದ ಕೆತ್ತನೆಯೂ ಕೈಯ ಎಣ್ಣೆಗೆ ಸವೆಯುತ್ತದೆ.

ಅಲ್ಲೇ ಬೇಗೂರಿನ ವೀರಗಲ್ಲೂ ಇದೆ. ನಾಗತ್ತರ ಎಂಬ ಗಂಗರ ಕಾಲದ ವೀರ ಯುದ್ಧದಲ್ಲಿ ಮಡಿದದ್ದರ ನೆನಪಿಗೆ ನಿಲ್ಲಿಸಿದ ಕಲ್ಲು. ಆನೆ, ಕುದುರೆ, ಬಿದ್ದವರು, ಹೊಡೆಯುತ್ತಿರುವವರು ಎಲ್ಲ ಒಬ್ಬರ ಮೇಲೊಬ್ಬರು ತುಂಬಿಕೊಂಡಿದ್ದಾರೆ. ಸಿಲ್ಕ್ ಬೋರ್ಡ್ ಆಚೆಯ ಬೇಗೂರು ಇವತ್ತು ಅಪಾರ್ಟ್‌ಮೆಂಟುಗಳ ಊರು. ಅಲ್ಲಿನವರು ಈ ಕಲ್ಲಿನ ಮುಂದೆ ನಿಂತರೆ ತಮ್ಮ ಬಡಾವಣೆಯ ವಯಸ್ಸು ಗೊತ್ತಾಗುತ್ತದೆ.

ಚಿತ್ರಗಳನ್ನು ನೋಡುವ ಕ್ರಮ ಸ್ವಲ್ಪ ಬೇರೆ. ವೆಂಕಟಪ್ಪ ಗ್ಯಾಲರಿಯಲ್ಲಿರುವ ಕೆ. ವೆಂಕಟಪ್ಪನವರ ಜಲವರ್ಣಗಳನ್ನೇ ತೆಗೆದುಕೊಳ್ಳಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು ಅವರು, ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಸಾಧಿಸಿದವರು. ಅವರ ಊಟಿಯ ದೃಶ್ಯಗಳನ್ನು ದೂರದಿಂದ ನೋಡಿದರೆ ಸುಮ್ನೆ ಮಂಜು, ಬೆಟ್ಟ, ಮರ. ಹತ್ತಿರ ಹೋದರೆ ಬಣ್ಣದ ತೆಳುವಾದ ಪದರಗಳು ಕಾಣುತ್ತವೆ. ಅದಕ್ಕೇ ಮೊದಲು ನಾಲ್ಕು ಹೆಜ್ಜೆ ದೂರ ನಿಲ್ಲಿ, ಆಮೇಲೆ ಹತ್ತಿರ ಹೋಗಿ, ಮತ್ತೆ ಹಿಂದೆ ಬನ್ನಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲೂ ಹೀಗೇ ನೋಡಿ. ಅಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಹಾಗಾಗಿ ವರ್ಷಕ್ಕೆ ಎರಡು ಸಲ ಹೋದರೂ ಹೊಸದೇ ಸಿಗುತ್ತದೆ. ಚಿತ್ರಗಳು ಸಾಕೆನಿಸಿದಾಗ ಆ ಹಳೆಯ ಬಂಗಲೆಯ ಅಂಗಳದಲ್ಲಿ ಮರದ ಕೆಳಗೆ ಕೂತುಕೊಳ್ಳಿ.

ಚಿತ್ರಕಲಾ ಪರಿಷತ್ತಿನಲ್ಲಿ ನನ್ನ ಆಯ್ಕೆ ತೊಗಲುಗೊಂಬೆಗಳು. ಸ್ವೆತೊಸ್ಲಾವ್ ರೋರಿಕ್ ಅವರ ವರ್ಣಚಿತ್ರಗಳೂ, ಮೈಸೂರು ಸಂಪ್ರದಾಯದ ಚಿತ್ರಗಳೂ ಅಲ್ಲಿವೆ, ಅವಕ್ಕೆ ನೋಡುಗರು ಸಿಗುತ್ತಾರೆ. ಗೊಂಬೆಗಳ ಮುಂದೆ ಜನ ನಿಲ್ಲುವುದು ಕಡಿಮೆ. ಚರ್ಮದಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳನ್ನು ಗಮನಿಸಿ. ಆಭರಣ, ಸೀರೆಯ ಅಂಚು, ಕಿರೀಟ ಎಲ್ಲವೂ ಆ ತೂತುಗಳಿಂದಲೇ ಮೂಡಿದ್ದು. ದೀಪದ ಬೆಳಕು ಹಿಂದಿನಿಂದ ಬಂದಾಗ ಪರದೆಯ ಮೇಲೆ ಅವೇ ಹೊಳೆಯುವ ಒಡವೆಗಳಾಗುತ್ತವೆ.

ಹಂತ 8: ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ

ಮಕ್ಕಳಿಗೆ ವಿಶ್ವೇಶ್ವರಯ್ಯ ಮ್ಯೂಸಿಯಂಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಅಲ್ಲಿ ಗುಂಡಿ ಒತ್ತಬಹುದು, ಚಕ್ರ ತಿರುಗಿಸಬಹುದು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಅಷ್ಟೇ ಗಾತ್ರದ ಪ್ರತಿಕೃತಿ ಅಲ್ಲಿದೆ. ಟಿಕೆಟ್ ಕೊಳ್ಳುವಾಗಲೇ ಆವತ್ತಿನ ವಿಜ್ಞಾನ ಪ್ರದರ್ಶನಗಳ ಸಮಯ ಕೇಳಿ ಬರೆದುಕೊಳ್ಳಿ, ಉಳಿದ ಗ್ಯಾಲರಿಗಳನ್ನು ಅದರ ಸುತ್ತ ಜೋಡಿಸಿ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಎರಡು ಗಂಟೆ ದಾಟಿದರೆ ಸಾಕಾಗುತ್ತದೆ. ಇನ್ನೂ ಮಹಡಿ ಬಾಕಿ ಇದೆ ಎಂದು ಎಳೆದಾಡಬೇಡಿ.

ಮಗುವಿಗೆ ಮೂರು ಹುಡುಕಾಟ ಕೊಡಿ. ಸರ್ಕಾರಿ ಮ್ಯೂಸಿಯಂ ಆದರೆ: ನಾಯಿ ಇರುವ ಕಲ್ಲು ಯಾವುದು? ಆನೆ ಇರುವ ಕಲ್ಲು ಯಾವುದು? ನಿನ್ನ ಹೆಸರಿನ ಮೊದಲ ಅಕ್ಷರ ಯಾವುದಾದರೂ ಶಾಸನದಲ್ಲಿ ಸಿಗುತ್ತದಾ? ಆಮೇಲೆ ನೀವು ಮಗುವಿನ ಹಿಂದೆ ಓಡಬೇಕಾಗುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಎಚ್‌ಎಎಲ್. ವಿಮಾನಗಳು ಹೊರಗೆ ಬಯಲಲ್ಲೇ ನಿಂತಿವೆ, ಅದಕ್ಕೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಗಿನದನ್ನು ಮುಗಿಸಿ, ಆಮೇಲೆ ಒಳಗಿನ ಸಭಾಂಗಣಗಳಿಗೆ ಹೋಗಿ. ಡಾ. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು 1961ರಲ್ಲಿ. ಎರಡೂ ಬೆಂಗಳೂರಿನಲ್ಲೇ ಹುಟ್ಟಿದವು. ಪ್ರೊಪೆಲರ್ ಇರುವ ಪುಟ್ಟ ತರಬೇತಿ ವಿಮಾನ ಮತ್ತು ಚೂಪು ಮೂತಿಯ ಜೆಟ್, ಎರಡನ್ನೂ ತೋರಿಸಿ 'ಇವೆರಡರ ನಡುವೆ ಹತ್ತೇ ವರ್ಷ' ಎಂದು ಹೇಳಿ. ಮಕ್ಕಳು ತಾವೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಹಿರಿಯರಿಗೆ ಎಚ್‌ಎಂಟಿಯಷ್ಟು ಹತ್ತಿರದ ಮ್ಯೂಸಿಯಂ ಬೇರೆ ಇಲ್ಲ. 1953ರಲ್ಲಿ ಶುರುವಾದ ಕಾರ್ಖಾನೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ತೊಡಗಿತು. ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ನಿವೃತ್ತಿಗೆ ಎಚ್‌ಎಂಟಿ ಗಡಿಯಾರ ಕೊಡುತ್ತಿದ್ದ ಕಾಲ ಅವರಿಗೆ ನೆನಪಿದೆ. ಗಾಜಿನ ಹಿಂದೆ ಜನತಾ ಗಡಿಯಾರ ಕಂಡರೆ ಅಲ್ಲೇ ನಿಂತು ಮಾತಾಡುತ್ತಾರೆ. ಆ ಹೊತ್ತಿನಲ್ಲಿ 'ಮುಂದೆ ಹೋಗೋಣ ಬನ್ನಿ' ಅನ್ನಬೇಡಿ. ಅಂಧರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿ ಮಾಡುತ್ತಿತ್ತು. ಅದನ್ನು ಹುಡುಕಿ ನೋಡಿ.

ಗಾಲಿಕುರ್ಚಿ ಬಳಸುವವರಿದ್ದರೆ ಮ್ಯಾಪ್ ಅನುಕೂಲ. ಕಟ್ಟುವಾಗಲೇ ಎಲ್ಲರೂ ಬರುವಂತಿರಬೇಕು ಎಂದು ಯೋಚಿಸಿ ಕಟ್ಟಿದ್ದಾರೆ. ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲು ಜಾಸ್ತಿ.

ಹಂತ 9: ದಿನವನ್ನು ಜೋಡಿಸುವುದು

ಕಸ್ತೂರಬಾ ರಸ್ತೆಯ ದಿನ ಹೀಗಿರಲಿ. ಹತ್ತು ಗಂಟೆಗೆ ಸರ್ಕಾರಿ ಮ್ಯೂಸಿಯಂನಲ್ಲಿರಿ. ಹನ್ನೆರಡರ ಹೊತ್ತಿಗೆ ಹೊರಬಂದು ಕಬ್ಬನ್ ಪಾರ್ಕಿನಲ್ಲಿ ಸ್ವಲ್ಪ ಕೂರಿ. ಊಟಕ್ಕೆ ಸೇಂಟ್ ಮಾರ್ಕ್ಸ್ ರಸ್ತೆ, ಎಂ.ಜಿ. ರಸ್ತೆ ಕಡೆ ಬೇಕಾದಷ್ಟು ಹೋಟೆಲುಗಳಿವೆ. ಎರಡೂವರೆಗೆ ಮಕ್ಕಳಿದ್ದರೆ ವಿಶ್ವೇಶ್ವರಯ್ಯ, ಇಲ್ಲದಿದ್ದರೆ ಮ್ಯಾಪ್. ಎರಡನ್ನೂ ಸೇರಿಸಬೇಡಿ.

ಚಿತ್ರಗಳ ದಿನ ಬೇಕೆಂದರೆ ಬೆಳಿಗ್ಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಮಧ್ಯಾಹ್ನ ಚಿತ್ರಕಲಾ ಪರಿಷತ್ತು. ಪರಿಷತ್ತಿನ ಆವರಣದಲ್ಲಿ ಕರಕುಶಲ ವಸ್ತುಗಳ ಮೇಳಗಳು ಆಗಾಗ ನಡೆಯುತ್ತವೆ, ಅದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಸಂಜೆ ತಾರಾಲಯದ ಕನ್ನಡ ಪ್ರದರ್ಶನ ಸಿಕ್ಕರೆ ಇನ್ನೂ ಒಳ್ಳೆಯದು.

ಇಡೀ ದಿನ ಇದೆ, ಊರಾಚೆ ಹೋಗಬಹುದು ಎನ್ನುವವರಿಗೆ ರಾಮನಗರದ ಹತ್ತಿರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಮೈಸೂರಿನ ಹಳೆ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ನೆನಪಿರಲಿ, ಅದಕ್ಕೆ ರಜೆ ಮಂಗಳವಾರ. ಎಕ್ಸ್‌ಪ್ರೆಸ್‌ವೇ ಹಿಡಿದರೆ ದಾಟಿಹೋಗುತ್ತೀರಿ, ಹಳೆ ರಸ್ತೆಯಲ್ಲೇ ಹೋಗಿ.

ಹಂತ 10: ನೋಡಿ ಬಂದ ಮೇಲೆ

ಮನೆಗೆ ಬಂದ ರಾತ್ರಿಯೇ, ಹೆಚ್ಚು ಹೊತ್ತು ನಿಂತು ನೋಡಿದ ವಸ್ತುವಿನ ಬಗ್ಗೆ ಇನ್ನೊಂದಿಷ್ಟು ಓದಿ. ಶಾಸನಗಳಾದರೆ ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಅಂತರ್ಜಾಲದಲ್ಲೇ ಸಿಗುತ್ತವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಮ್ಯೂಸಿಯಂನಲ್ಲಿ ಬೇಗೂರಿನ ಕಲ್ಲು ನೋಡಿದವರು ಮುಂದಿನ ಭಾನುವಾರ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೇ ಹೋಗಿ. ಕ್ರಿ.ಶ. 900ರ ಸುಮಾರಿನಲ್ಲಿ ನಡೆದ 'ಬೆಂಗಳೂರು ಕಾಳಗ'ವನ್ನು ಹೆಸರಿಸುವ ಶಾಸನ ಅಲ್ಲೇ ಇದೆ.

ಇನ್ನೊಂದು ಕೆಲಸವನ್ನು ಮ್ಯೂಸಿಯಂನಿಂದ ಹೊರಡುವ ಮೊದಲೇ ಮಾಡಬೇಕು. ಬಾಗಿಲ ಹತ್ತಿರ ಸಂದರ್ಶಕರ ಪುಸ್ತಕ ಇರುತ್ತದೆ. ಅದರಲ್ಲಿ 'ತುಂಬಾ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿ ಹೋಗಬೇಡಿ. ಯಾವ ಕಲ್ಲಿನ ಫಲಕದಲ್ಲಿ ಅಕ್ಷರ ಅಳಿಸಿದೆ, ಯಾವ ಗ್ಯಾಲರಿಯಲ್ಲಿ ದೀಪ ಉರಿಯುತ್ತಿಲ್ಲ, ಯಾವ ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಇದೆ, ಎಲ್ಲಿ ಒಂದು ಬೆಂಚು ಬೇಕು ಎಂದು ಜಾಗದ ಗುರುತು ಸಹಿತ ಕನ್ನಡದಲ್ಲಿ ಬರೆಯಿರಿ. ಚೆನ್ನಾಗಿ ವಿವರಿಸಿದ ಸಿಬ್ಬಂದಿ ಇದ್ದರೆ ಅದನ್ನೂ ಬರೆಯಿರಿ, ಅವರ ಮೇಲಧಿಕಾರಿಗಳು ಓದಲಿ. ಪುಸ್ತಕ ಇಟ್ಟಿಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ, ಅಲ್ಲೂ ಇಲ್ಲ ಎಂದರೆ ಮ್ಯೂಸಿಯಂನ ಇಮೇಲ್ ವಿಳಾಸಕ್ಕೆ ಅದೇ ವಾರ ಕಳಿಸಿ.